ಮಾಹಿತಿ ವ್ಯವಸ್ಥೆಗಳ ಸ್ನಾತಕೋತ್ತರ ಓದು: ಕೆಲಸ ಬಿಟ್ಟು ಸೇರಬಹುದೇ?

ಪ್ರಶ್ನೆ, ಮಂಡ್ಯದಿಂದ

ನಾನು ಮಂಡ್ಯದಲ್ಲಿ ಬಿಸಿಎ ಮುಗಿಸಿ, ಮೂರು ವರ್ಷಗಳಿಂದ ಮೈಸೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ಟೆಸ್ಟಿಂಗ್ ವಿಭಾಗದಲ್ಲಿದ್ದೇನೆ. ಊರಿನ ಡೇರಿಯಲ್ಲಿ ಹಾಲಿನ ಕೊಬ್ಬಿನಂಶ ತೋರಿಸುವ ಯಂತ್ರದ ಚೀಟಿಯನ್ನು ಅಪ್ಪ ಮರುಮಾತಿಲ್ಲದೆ ಜೇಬಿಗಿಡುವುದನ್ನೂ, ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಹೊಂದದೆ ಅಜ್ಜಿ ಬರಿಗೈಯಲ್ಲಿ ಹಿಂದಿರುಗುವುದನ್ನೂ ನೋಡಿದ್ದೇನೆ. ಇಂಥ ವ್ಯವಸ್ಥೆಗಳು ಜನರ ಬದುಕಿನಲ್ಲಿ ಏನನ್ನು ಬದಲಿಸುತ್ತವೆ ಎಂಬುದನ್ನೇ ಓದುವ ಆಸೆಯಿದೆ. ಎಂಸಿಎ ಸೇರಲೇ, ಸಾಲ ಮಾಡಿ ಹೊರದೇಶಕ್ಕೆ ಹೋಗಲೇ? ಇದ್ದ ಕೆಲಸ ಬಿಡಬೇಡವೆಂದು ಮನೆಯವರು ಹೇಳುತ್ತಿದ್ದಾರೆ. ಓದಿದವರು ತಮ್ಮ ಅನುಭವ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ, ಮೈಸೂರಿನ ಕುವೆಂಪುನಗರದಿಂದ

ನಾನು ಇಂಗ್ಲೆಂಡಿನಲ್ಲಿ ಮಾಹಿತಿ ವ್ಯವಸ್ಥೆಗಳ ಒಂದು ವರ್ಷದ ಸ್ನಾತಕೋತ್ತರ ಪದವಿ ಪಡೆದು ಊರಿಗೆ ಮರಳಿದವನು. ಈ ವಿಷಯವನ್ನು ಪ್ರೋಗ್ರಾಮಿಂಗಿನ ಮುಂದುವರಿದ ಪಾಠವೆಂದು ತಿಳಿದು ಸೇರಿದ ನನ್ನ ಸಹಪಾಠಿಗಳಲ್ಲಿ ಹಲವರು ಮೊದಲ ತಿಂಗಳಲ್ಲೇ ನಿರಾಶರಾದರು. ತಂತ್ರಾಂಶ, ಅದನ್ನು ನಡೆಸುವ ಸಿಬ್ಬಂದಿ, ಅದರ ಹಿಂದಿರುವ ಕಾನೂನು ಮತ್ತು ಕೌಂಟರಿನ ಮುಂದೆ ನಿಂತ ಮನುಷ್ಯ, ಇವಿಷ್ಟನ್ನೂ ಒಟ್ಟಿಗೆ ಸೇರಿಸಿ ಒಂದು ವ್ಯವಸ್ಥೆಯೆಂದು ನೋಡುವುದನ್ನು ಅಲ್ಲಿ ಕಲಿಸುತ್ತಾರೆ. ಪರೀಕ್ಷೆಗಿಂತ ಪ್ರಬಂಧ ಬರೆಯುವುದೇ ಹೆಚ್ಚು.

ನಾವು ಹೆಚ್ಚು ಕಾಲ ಚರ್ಚಿಸಿದ್ದು ಬ್ರಿಟನ್ನಿನ ಅಂಚೆ ಸಂಸ್ಥೆಯ ಹೊರೈಜನ್ ಎಂಬ ಲೆಕ್ಕದ ತಂತ್ರಾಂಶವನ್ನು. 1999ರಿಂದ ಬಳಕೆಗೆ ಬಂದ ಅದು, ಸಣ್ಣ ಅಂಚೆ ಶಾಖೆಗಳ ಲೆಕ್ಕದಲ್ಲಿ ಇಲ್ಲದ ಕೊರತೆಯನ್ನು ತೋರಿಸುತ್ತಿತ್ತು. ಶಾಖೆ ನಡೆಸುವವರು ಕೈಯಿಂದ ಹಣ ಕಟ್ಟಿದರು, ಮನೆ ಮಾರಿದರು, 2015ರವರೆಗಿನ ಅವಧಿಯಲ್ಲಿ 900ಕ್ಕೂ ಹೆಚ್ಚು ಮಂದಿ ಕಳ್ಳತನ ಮತ್ತು ಸುಳ್ಳು ಲೆಕ್ಕದಂಥ ಆರೋಪಗಳಲ್ಲಿ ಶಿಕ್ಷೆಗೊಳಗಾದರು. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡಿದೆ ಎಂದು ಭಾವಿಸಿಕೊಳ್ಳುವುದು ಅಲ್ಲಿನ ನ್ಯಾಯಾಲಯಗಳ ನಿಯಮವಾಗಿದ್ದುದರಿಂದ, ತಪ್ಪು ಯಂತ್ರದ್ದೆಂದು ತೋರಿಸಿಕೊಡುವ ಹೊರೆ ಬಡಪಾಯಿಗಳ ಮೇಲೆ ಬಿತ್ತು. ನೂರಾರು ಮಂದಿಯ ಶಿಕ್ಷೆ ರದ್ದಾಗಲು 2024ರಲ್ಲಿ ಸಂಸತ್ತೇ ಕಾಯ್ದೆ ತರಬೇಕಾಯಿತು. ನಿಮ್ಮ ತಂದೆಯವರ ಹಾಲಿನ ಚೀಟಿಯ ಮಾತು ಓದಿದಾಗ ನನಗೆ ನೆನಪಾದದ್ದು ಇದೇ. ಚೀಟಿ ತಪ್ಪೆಂದು ಅನ್ನಿಸಿದ ದಿನ ಅವರು ಯಾರನ್ನು ಕೇಳಬೇಕು, ಕೇಳಿದರೆ ಮರುಪರೀಕ್ಷೆಯಾಗುತ್ತದೆಯೇ?

ಈ ಪ್ರಶ್ನೆಯನ್ನೇ ಹಿಡಿದು ನನ್ನ ಪ್ರಬಂಧಕ್ಕೆ ಜಮೀನಿನ ದಾಖಲೆಯಾದ ಪಹಣಿಯನ್ನು ಆರಿಸಿಕೊಂಡೆ. ನಮ್ಮ ರಾಜ್ಯದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಗ್ರಾಮ ಲೆಕ್ಕಿಗರ ಮನೆಬಾಗಿಲು ಕಾಯುತ್ತಿದ್ದ ರೈತ 15 ರೂಪಾಯಿ ಕೊಟ್ಟು ಕೌಂಟರಿನಲ್ಲೇ ಪ್ರತಿ ಪಡೆಯುವಂತಾದದ್ದು ದೊಡ್ಡ ಬದಲಾವಣೆ, ಅದನ್ನು ಕಡಿಮೆ ಮಾಡಿ ಹೇಳಲಾರೆ. ಆದರೆ ನನ್ನ ತಾಯಿಯ ತವರಿನ ಜಮೀನಿನ ಪಹಣಿಯಲ್ಲಿ ಕಾಲಂ 3ರ ವಿಸ್ತೀರ್ಣಕ್ಕೂ ಕಾಲಂ 9ರ ಹಿಡುವಳಿದಾರರ ಒಟ್ಟು ವಿಸ್ತೀರ್ಣಕ್ಕೂ 6 ಗುಂಟೆ ತಾಳೆಯಾಗದೆ, ಖಾತೆ ಬದಲಾವಣೆ ಎರಡು ವರ್ಷ ನಿಂತುಹೋಗಿತ್ತು. ಹಳೆಯ ಪುಸ್ತಕದಲ್ಲಿ ಯಾರಿಗೂ ತೊಡಕಾಗದೆ ಮಲಗಿದ್ದ ವ್ಯತ್ಯಾಸ, ಲೆಕ್ಕ ಕೂಡಿ ನೋಡುವ ತಂತ್ರಾಂಶ ಬಂದ ಕೂಡಲೇ ಬಾಗಿಲು ಮುಚ್ಚಿತು. ಆ ತಾಲ್ಲೂಕು ಕಚೇರಿಯಲ್ಲಿ ಮೂರು ವಾರ ಕುಳಿತು ನಾನು ಕಂಡದ್ದೆಂದರೆ, ದಾಖಲೆ ಕೊಡುವ ಕೆಲಸಕ್ಕೆ ಕೌಂಟರು, ಟೋಕನ್ನು, ಗಡುವು ಎಲ್ಲ ಇವೆ. ದಾಖಲೆ ತಿದ್ದುವ ಕೆಲಸ ಮಾತ್ರ ಇಂದಿಗೂ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕಡತವಾಗಿಯೇ ಅಲೆಯುತ್ತದೆ.

ಆದ್ದರಿಂದ ಯಾವ ಕೋರ್ಸು ಆರಿಸಿದರೂ, ಕ್ಷೇತ್ರಕಾರ್ಯ ಕಡ್ಡಾಯವೇ, ಪ್ರಬಂಧಕ್ಕೆ ಎಷ್ಟು ತಿಂಗಳು ಕೊಡುತ್ತಾರೆ ಎಂಬುದನ್ನು ಮೊದಲು ಕೇಳಿ. ಸಾಲ ಮಾಡಿ ಹೊರದೇಶಕ್ಕೆ ಹೋಗುವುದನ್ನು ನಾನು ಸುಲಭವಾಗಿ ಸೂಚಿಸಲಾರೆ. ನನ್ನದು ತೀರಲು ಆರು ವರ್ಷ ಹಿಡಿಯಿತು, ಅಷ್ಟೂ ಕಾಲ ಮನಸ್ಸಿಗೆ ಒಪ್ಪದ ಕೆಲಸವನ್ನೇ ಮಾಡಬೇಕಾಯಿತು.

ಉತ್ತರ, ಮೈಸೂರಿನ ಸರಸ್ವತಿಪುರದಿಂದ

ನಾನು ಇಲ್ಲೇ ಎಂಸಿಎ ಓದಿ, ಈಗ ಆರೋಗ್ಯ ದತ್ತಾಂಶದ ಕೆಲಸದಲ್ಲಿದ್ದೇನೆ. ಎಂಸಿಎ ಈಗ ಎರಡೇ ವರ್ಷದ್ದು, ಪಿಜಿಸಿಇಟಿ ಎಂಬ ರಾಜ್ಯದ ಪ್ರವೇಶ ಪರೀಕ್ಷೆಯ ಮೂಲಕ ಪ್ರವೇಶ ದೊರೆಯುತ್ತದೆ. ಡೇಟಾಬೇಸಿನ ತಳಹದಿ ಗಟ್ಟಿಯಾಗುತ್ತದೆ, ಸಮಾಜದ ಮಾತು ಮಾತ್ರ ಪಠ್ಯದಲ್ಲಿ ತೀರಾ ತೆಳ್ಳಗಿದೆ. ಆ ಕೊರತೆಯನ್ನು ನಾನು ಮಾನಸಗಂಗೋತ್ರಿಯಲ್ಲಿ ಸಮಾಜಶಾಸ್ತ್ರದ ಗೆಳತಿಯರ ಜೊತೆ ಓದಿ ತುಂಬಿಕೊಂಡೆ.

ನನ್ನ ಕೆಲಸದಿಂದ ಒಂದು ಮಾತು. ಒಬ್ಬ ಆಶಾ ಕಾರ್ಯಕರ್ತೆ ಒಂದೇ ಗರ್ಭಿಣಿಯ ವಿವರವನ್ನು ಪುಸ್ತಕದಲ್ಲೂ ಫೋನಿನಲ್ಲೂ ಬರೆಯುವುದನ್ನು ನೋಡಿದ ಮೇಲೆ, ನಮೂನೆಗೆ ಹೊಸ ಕಾಲಂ ಸೇರಿಸುವ ಮೊದಲು ಅದು ಯಾರ ಸಂಜೆಯ ಹೊತ್ತನ್ನು ತಿನ್ನುತ್ತದೆಂದು ಲೆಕ್ಕ ಹಾಕುವುದು ನನಗೆ ಅಭ್ಯಾಸವಾಗಿದೆ. ನಾರ್ವೆಯಲ್ಲಿ 1970ರ ದಶಕದಲ್ಲೇ ಕಂಪ್ಯೂಟರ್ ವಿಜ್ಞಾನಿ ಕ್ರಿಸ್ಟನ್ ನ್ಯೂಗಾರ್ಡ್ ಅವರು ಲೋಹ ಕಾರ್ಮಿಕರ ಸಂಘದೊಡನೆ ಕುಳಿತು, ಯಂತ್ರ ಬಳಸುವವರಿಗೇ ಅದರ ವಿನ್ಯಾಸದಲ್ಲಿ ಮಾತಿರಬೇಕೆಂದು ಕೆಲಸ ಮಾಡಿದ್ದರು. ಆ ಪರಂಪರೆಯ ಓಸ್ಲೋ ವಿಶ್ವವಿದ್ಯಾಲಯದಲ್ಲಿ ಬೆಳೆದ ಡಿಎಚ್‌ಐಎಸ್2 ಎಂಬ ಆರೋಗ್ಯ ಮಾಹಿತಿ ತಂತ್ರಾಂಶ ಇಂದು 70ಕ್ಕೂ ಹೆಚ್ಚು ದೇಶಗಳಲ್ಲಿದೆ, ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು ಕಲಿಯಬಹುದು. ಕೆಲಸ ಬಿಡುವ ಮೊದಲು ಆರು ತಿಂಗಳು ಇದರಲ್ಲಿ ಕೈಯಾಡಿಸಿ ನೋಡಿ. ಜೊತೆಗೆ ಸುಪ್ರೀಂ ಕೋರ್ಟಿನ 2017ರ ಖಾಸಗಿತನದ ತೀರ್ಪನ್ನೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯನ್ನೂ ಓದಿಕೊಳ್ಳಿ. ಆ ತೀರ್ಪಿಗೆ ಕಾರಣವಾದ ಅರ್ಜಿ ಸಲ್ಲಿಸಿದ ಕೆ. ಎಸ್. ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಗಳಾಗಿದ್ದವರು.

ಉತ್ತರ, ಮಂಡ್ಯ ಜಿಲ್ಲೆಯ ಒಬ್ಬ ಗ್ರಾಮ ಆಡಳಿತ ಅಧಿಕಾರಿಯಿಂದ

ತಂಗಿ, ನಾನು ಈ ವಿಷಯ ಓದಿದವನಲ್ಲ, ಇಪ್ಪತ್ತು ವರ್ಷ ಈ ವ್ಯವಸ್ಥೆಗಳ ಒಳಗೇ ದುಡಿದವನು. ಮೇಲೆ ಹೇಳಿದ 3 ಮತ್ತು 9ರ ತೊಡಕು ನಿಜ, ಹೆಚ್ಚಿನವು ಪೋಡಿಯಾಗದ, ಅಂದರೆ ಅಳತೆ ಮಾಡಿ ಪಾಲು ಬೇರೆ ಮಾಡದ, ಜಂಟಿ ಜಮೀನಿನವು. ನಮ್ಮ ಕಷ್ಟವನ್ನೂ ಬರೆಯಿರಿ: ಹೊಸ ತಂತ್ರಾಂಶ ಬಂದಾಗ ತರಬೇತಿ ಅರ್ಧ ದಿನದ್ದು, ಜನರ ಸಿಟ್ಟು ಮಾತ್ರ ವರ್ಷವಿಡೀ ನಮ್ಮ ಮೇಲೆ. ಸೇರುವ ಮೊದಲು ಒಂದು ವಾರ ರಜೆ ಹಾಕಿ ನಿಮ್ಮ ಹೋಬಳಿಯ ನಾಡಕಚೇರಿಗೆ ಬನ್ನಿ. ಒಳಗೆ ನಮ್ಮ ಹತ್ತಿರ ಕೂರುವುದಕ್ಕಿಂತ, ಹೊರಗೆ ಮರದಡಿ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವವರ ಪಕ್ಕ ಕೂರಿ. ಯಾವ ಅರ್ಜಿ ಎಲ್ಲಿ ಸಿಕ್ಕಿಕೊಳ್ಳುತ್ತದೆಂಬುದು ನಮಗಿಂತ ಮೊದಲು ಗೊತ್ತಾಗುವುದು ಅವರಿಗೆ.