ಐಸು, ಹಿಮ, ಗಡ್ಡೆ: ಹೆಪ್ಪುಗಟ್ಟಿದ ಕೆರೆಯ ಮೇಲೆ ಗಾಳ ಹಾಕುವವರಿಗೆ ಪದ ಬೇಕು

ಪದಚರ್ಚೆಯ ಎಲ್ಲರಿಗೂ ನಮಸ್ಕಾರ.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆ, ಈಗ ಇರುವುದು ಅಮೆರಿಕದ ಮಿನ್ನೆಸೋಟಾದಲ್ಲಿ. ಇಲ್ಲಿ ಚಳಿಗಾಲಕ್ಕೆ ಕೆರೆಗಳೆಲ್ಲ ಹೆಪ್ಪುಗಟ್ಟುತ್ತವೆ. ಜನ ಅದರ ಮೇಲೆ ನಡೆದು ಹೋಗಿ, ತೂತು ಕೊರೆದು, ಗಾಳ ಇಳಿಬಿಟ್ಟು ಕೂರುತ್ತಾರೆ. ಹೊಸದಾಗಿ ಬಂದ ಕನ್ನಡದ ಮನೆಗಳವರೂ, ಮಕ್ಕಳನ್ನು ನೋಡಲು ಊರಿಂದ ಬಂದ ಅಪ್ಪ ಅಮ್ಮಂದಿರೂ ಈಗೀಗ ಹೊರಡುತ್ತಿದ್ದಾರೆ. ಅವರಿಗೆಂದು ನಾಲ್ಕು ಪುಟದ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಸಾಮಾನುಗಳ ಹೆಸರಿಗೆ ತಡಕಾಡಬೇಕಾಗುತ್ತದೆ ಅಂದುಕೊಂಡಿದ್ದೆ. ನಿಜವಾಗಿ ಸಿಕ್ಕಿಕೊಂಡಿದ್ದು ಮೊದಲನೇ ಪುಟದಲ್ಲೇ, ಕಾಲ ಕೆಳಗಿನ ಆ ಗಟ್ಟಿ ನೀರಿಗೆ ಏನನ್ನಬೇಕು ಎಂಬಲ್ಲಿ.

ನಾನು ಬರೆದಿದ್ದ ವಾಕ್ಯ ಇದು: 'ಹಿಮದ ಮೇಲೆ ಹಿಮ ಬಿದ್ದಿದ್ದರೆ ಎಚ್ಚರ, ಹಿಮ ತೆಳುವಾಗಿರುತ್ತದೆ.' ನಮ್ಮತ್ತೆ ಓದಿ, 'ಹಿಮದ ಮೇಲೆ ಹಿಮ ಬಿದ್ರೆ ಇನ್ನೂ ದಪ್ಪ ಆಗ್ಬೇಕಲ್ಲಪ್ಪಾ?' ಅಂದರು. ಅವರು ಕೇಳಿದ್ದು ಸರಿ. ಆಕಾಶದಿಂದ ಹತ್ತಿಯಂತೆ ಉದುರುವುದೂ ಹಿಮ, ಕೆರೆಯ ನೀರೇ ಗಟ್ಟಿಯಾದದ್ದೂ ಹಿಮ ಅಂತ ಬರೆದರೆ ಓದುವವರು ಇನ್ನೇನು ತಿಳಿಯಬೇಕು? ವಿಷಯ ಹೀಗಿದೆ: ಉದುರಿದ ಹಿಮ ಕಂಬಳಿಯ ಹಾಗೆ. ಹೊದ್ದ ಕೆರೆಯನ್ನು ಬೆಚ್ಚಗಿಡುತ್ತದೆ, ಹಾಗಾಗಿ ಅಡಿಯ ಪದರ ನಿಧಾನವಾಗಿ ಕಟ್ಟುತ್ತದೆ. ಮೇಲೆ ಬೆಳ್ಳಗೆ ದಪ್ಪ ಕಂಡರೂ ಒಳಗೆ ತೆಳ್ಳಗಿರಬಹುದು. ಇದನ್ನು ಹೇಳಲು ಎರಡು ಬೇರೆ ಪದ ಇರಲೇಬೇಕು.

ಮಂಜು ಅಂದರೆ ಬೆಂಗಳೂರು ಮೈಸೂರಿನವರಿಗೆ ಬೆಳಗಿನ ಹೊತ್ತು ರಸ್ತೆ ಮುಚ್ಚುವಂಥದ್ದು. ನಮ್ಮ ಕಡೆ ಅದಕ್ಕೇ ಇಬ್ಬನಿ ಅಂದುಬಿಡುವವರಿದ್ದಾರೆ, ಕಾವಳ ಎನ್ನುವವರೂ ಇದ್ದಾರೆ. ಆಲಿಕಲ್ಲು ಮಳೆಯ ಜೊತೆ ಬೀಳುವುದು. ಮಂಜುಗಡ್ಡೆ ಅಂದರೆ ಸರಿಹೋಗುತ್ತದೆ, ಆದರೆ ಕಿವಿಗೆ ಮೀನಂಗಡಿಯ ಹಲಗೆಯ ಮೇಲಿನ ತುಂಡಿನಂತೆ ಕೇಳುತ್ತದೆ, ಮೈಲಿಗಟ್ಟಲೆ ಹಾಸಿದ ನೆಲದಂತಲ್ಲ. ಸದ್ಯಕ್ಕೆ ಉದುರುವುದಕ್ಕೆ ಹಿಮ, ಕಟ್ಟುವುದಕ್ಕೆ ಗಡ್ಡೆ ಎಂದಿಟ್ಟುಕೊಂಡಿದ್ದೇನೆ. 'ಕೆರೆ ಗಡ್ಡೆ ಕಟ್ಟಿದೆ' ಅಂದರೆ ಅತ್ತೆಗೆ ಕೂಡಲೇ ತಿಳಿಯಿತು. ಗಡ್ಡೆ ಅಂದರೆ ಗೆಡ್ಡೆಗೆಣಸು, ಮೈಯಲ್ಲಿ ಏಳುವ ಗಡ್ಡೆ ಎಂಬ ಅರ್ಥಗಳೂ ಇವೆ, ಗೊತ್ತು. ಸಮಾಸದಲ್ಲಿ ಅದು ಅಷ್ಟು ಕಾಡುವುದಿಲ್ಲ ಎಂದು ನನಗನಿಸುತ್ತದೆ.

ಮುಂದಿನದು ಇನ್ನೂ ಮುಖ್ಯ. ಗಡ್ಡೆಯಲ್ಲೇ ಎರಡು ಬಗೆ. ತಣ್ಣಗಿನ ಶಾಂತ ರಾತ್ರಿಗಳಲ್ಲಿ ಕೆರೆಯ ನೀರೇ ಕಟ್ಟಿದ್ದು ಗಾಜಿನಂತೆ ತಿಳಿಯಾಗಿರುತ್ತದೆ, ಅಡಿಯ ನೀರಿನಿಂದಾಗಿ ಕಪ್ಪಗೋ ನೀಲಿಯಾಗಿಯೋ ಕಾಣುತ್ತದೆ. ಬಿದ್ದ ಹಿಮ ನೀರಿನಲ್ಲಿ ನೆನೆದು ಮತ್ತೆ ಕಟ್ಟಿದ್ದು ಒಳಗೆ ಗಾಳಿಗುಳ್ಳೆ ತುಂಬಿಕೊಂಡು ಬೆಳ್ಳಗಿರುತ್ತದೆ, ಅದರ ಬಲ ತಿಳಿಯಾದದ್ದರ ಅರ್ಧದಷ್ಟೇ. ತಿಳಿಯಾದದ್ದು 4 ಇಂಚು ಇದ್ದರೆ ಒಬ್ಬರು ನಡೆಯಬಹುದು, ಬೆಳ್ಳಗಿದ್ದರೆ ಅದರ ಎರಡರಷ್ಟು ದಪ್ಪ ಬೇಕು ಎಂಬುದು ಇಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಲೆಕ್ಕ. ಜೊತೆಗೆ, ಯಾವ ಗಡ್ಡೆಯನ್ನೂ ಪೂರ್ತಿ ನಂಬಬೇಡಿ ಎಂದೂ ಅದೇ ಇಲಾಖೆ ಹೇಳುತ್ತದೆ.

ಮೊದಲು ತಿಳಿಗಡ್ಡೆ, ಬಿಳಿಗಡ್ಡೆ ಎಂದು ಬರೆದೆ. ಚೆನ್ನಾಗಿದೆ ಅನ್ನಿಸಿತು. ಅಚ್ಚಿನ ಕರಡು ನೋಡಿದಾಗ ಎದೆ ಧಸಕ್ಕೆಂದಿತು. ಒಂದೇ ಒಂದು ಅಕ್ಷರದ ಅಂತರ. ಕನ್ನಡಕ ಮರೆತು ಬಂದವರು, ಅಥವಾ ಫೋನಿನಲ್ಲಿ ಕೇಳಿಸಿಕೊಂಡವರು, ಒಂದರ ಬದಲು ಇನ್ನೊಂದು ಹಿಡಿದರೆ ನಾಲ್ಕಿಂಚಿನ ಲೆಕ್ಕ ತಿರುಗುಮುರುಗು ಆಗುತ್ತದೆ. ಆದ್ದರಿಂದ ಈಗ ತಿಳಿಗಡ್ಡೆ ಮತ್ತು ನೊರೆಗಡ್ಡೆ. ನೊರೆ ಅಂದರೆ ಒಳಗೆ ಗಾಳಿ ಇದೆ ಎಂಬುದೂ ಬಂತು, ನಂಬಬಾರದು ಎಂಬುದೂ ಬಂತು. ಮಾರ್ಚ್ ಹೊತ್ತಿಗೆ ಬಿಸಿಲಿಗೆ ಒಳಗೊಳಗೇ ಸಡಿಲವಾಗಿ, ನೋಡಲು ದಪ್ಪಗಿದ್ದೂ ಕಾಲಿಟ್ಟರೆ ಉದ್ದುದ್ದ ಹರಳಾಗಿ ಬಿಡಿಸಿಕೊಳ್ಳುವ ಇನ್ನೊಂದು ಬಗೆಯಿದೆ. ಮೂಲಂಗಿ ಬೆಂಡಾಯಿತು ಅನ್ನುತ್ತೇವಲ್ಲ, ಹಾಗೆ ಅದಕ್ಕೆ ಬೆಂಡುಗಡ್ಡೆ ಅನ್ನಬಹುದೇ? ಇದರಲ್ಲಿ ಒಂದೇ ತೊಡಕು: ಗಾಳದ ದಾರಕ್ಕೆ ಕಟ್ಟುವ ತೇಲಿಗೂ ನಾವು ಬೆಂಡು ಎನ್ನುತ್ತೇವೆ, ಎರಡೂ ಒಂದೇ ಪುಟದಲ್ಲಿ ಬರುತ್ತವೆ.

ತೆಳು ಜಾಗ ಎಲ್ಲೆಲ್ಲಿ ಎಂದು ಹೇಳುವಾಗ ಕನ್ನಡ ನನ್ನ ಕೈ ಹಿಡಿಯಿತು. ನೀರು ಹೊರಗೆ ಹರಿಯುವ ಜಾಗಕ್ಕೆ ಕೋಡಿ, ಒಳಗೆ ಬರುವಲ್ಲಿಗೆ ಹಳ್ಳದ ಬಾಯಿ, ತಳದಿಂದ ನೀರು ಉಕ್ಕುವಲ್ಲಿಗೆ ಒರತೆ. 'ಕೋಡಿಯ ಹತ್ತಿರ, ಒರತೆಯ ಮೇಲೆ, ಸೇತುವೆಯ ಕೆಳಗೆ ನಿಲ್ಲಬೇಡಿ.' ಇದಕ್ಕೆ ವಿವರಣೆಯೇ ಬೇಡ. ಕೆರೆ ಅಂದರೆ ಏರಿ ಹಾಕಿ ಕಟ್ಟಿದ್ದು, ಇಲ್ಲಿನವು ತಾನಾಗಿ ಆದವು, ಸರೋವರ ಅನ್ನಬೇಕು ಎಂದು ಒಬ್ಬರು ತಿದ್ದಿದರು. ಅವರ ಮಾತು ಸರಿ. ಆದರೂ ಸರೋವರ ಎಂದ ಕೂಡಲೇ ತಾವರೆ, ಹಂಸ ಬಂದು ಕೂರುತ್ತವೆ, ಕೋಡಿ ಒರತೆಗಳು ಹಿಂದೆ ಸರಿಯುತ್ತವೆ. ಕೆರೆ ಎಂದೇ ಉಳಿಸಿದ್ದೇನೆ.

ಇನ್ನು ಸಾಮಾನುಗಳು. ಇದರ ಬಾಗಿಲು ತೆರೆದದ್ದು ಅಪ್ಪಯ್ಯ. ಇಲ್ಲಿಗೆ ಬಂದಿದ್ದಾಗ ಗ್ಯಾರೇಜಿನ ಮೂಲೆಯಲ್ಲಿದ್ದ, ಗಡ್ಡೆಗೆ ತೂತು ಕೊರೆಯುವ ಆಗರ್ ನೋಡಿ, 'ಇದು ಬೈರಿಗೆ ಅಲ್ವೇನೋ ಮಾರಾಯ, ಆಚಾರಿ ಮನೆದು?' ಅಂದರು. ನಾನು ಎರಡು ದಿನ 'ಹಿಮಛಿದ್ರಕ' ಅಂತೇನೋ ಕಟ್ಟುತ್ತಿದ್ದೆ. ಬೈರಿಗೆ ಎದುರಿಗಿತ್ತು! ತಿರುಗಿಸಿ ಕೊರೆಯುವುದು ಬೈರಿಗೆ, ಮರವಾದರೇನು, ಗಡ್ಡೆಯಾದರೇನು. 6, 8, 10 ಇಂಚಿನ ಬೈರಿಗೆಗಳು ಅಂಗಡಿಯಲ್ಲಿ ಸಿಗುತ್ತವೆ. ಮೊದಲ ಸಲ ಹೋಗುವವರಿಗೆ 6 ಇಂಚಿನ ಕೈಬೈರಿಗೆಯೇ ಸಾಕು, ಹಗುರ, ಹಲ್ಲು ಹರಿತವಿದ್ದರೆ ಬೇಗ ಇಳಿಯುತ್ತದೆ. ಮಿನ್ನೆಸೋಟಾದಲ್ಲಿ ಮೀನಿನ ತೂತು 12 ಇಂಚು ಅಗಲ ಮೀರುವಂತಿಲ್ಲ.

ಅಲ್ಲಿಂದ ಮುಂದೆ ಒಂದೊಂದೇ ಬಿಚ್ಚಿಕೊಂಡಿತು. ಮುಂದೆ ಕುಟ್ಟಿ ನೋಡುತ್ತ ನಡೆಯುವ ಭಾರದ ಕಬ್ಬಿಣದ ಕೋಲಿಗೆ ಸ್ಪಡ್ ಬಾರ್ ಅನ್ನುತ್ತಾರೆ, ಅದು ನಮ್ಮ ಹಾರೆ, ಹಳೇ ಮೈಸೂರಿನವರ ಗಡಾರಿ. ಪ್ರತಿ ಹೆಜ್ಜೆಗೂ ಮುಂದೆ ಎರಡೇಟು ಕುಟ್ಟಬೇಕು, ನೀರು ಚಿಮ್ಮಿದರೆ ಬಂದ ಹೆಜ್ಜೆಯಲ್ಲೇ ಹಿಂದೆ. ತೂತಿನಲ್ಲಿ ತೇಲುವ ಗಡ್ಡೆಚೂರು ತೆಗೆಯಲು ಬೇಕಾದದ್ದು ಬೋಂಡ ಎತ್ತುವ ಜಾಲರಿ ಸೌಟು, ಅಡುಗೆಮನೆಯದೇ ಆದೀತು. ಬೂಟಿನ ಅಡಿಗೆ ಸಿಕ್ಕಿಸುವ ಮುಳ್ಳುಪಟ್ಟಿಗೆ ಲಾಳ. ಎತ್ತಿಗೂ ಲಾಳ, ಹಳೇ ಕಾಲದ ಮೆಟ್ಟಿಗೂ ಲಾಳ ಹೊಡೆಸುತ್ತಿದ್ದರು, ಜಾರದಿರುವುದಕ್ಕೇ ಅದು. ಗಡ್ಡೆಯ ಮೇಲೆ ಗಾಳಿ ತಡೆಯಲು ಹೂಡುವ ಚಿಕ್ಕ ಮನೆಗೆ ಗುಡಾರ ಅನ್ನಬಹುದು, ನನಗೆ ಮಾತ್ರ ಮಾಳ ಇಷ್ಟ, ಗದ್ದೆ ಕಾಯಲು ಕೂರುವ ಮಾಳ. ಇದೂ ಕಾಯುವ ಜಾಗವೇ. ಒಳಗೆ ಗ್ಯಾಸಿನ ಒಲೆ ಉರಿಸಿದರೆ ಗಾಳಿಕಿಂಡಿ ಮುಚ್ಚಲೇಬಾರದು. ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಕೂತಲ್ಲೇ ಜೀವ ತೆಗೆಯುತ್ತದೆ. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿಸುತ್ತಿದ್ದೇನೆ.

ಇನ್ನೊಂದು ಸಣ್ಣ ಸಾಮಾನು, ಜೀವ ಉಳಿಸುವಂಥದ್ದು. ಎರಡು ಮರದ ಹಿಡಿ, ತುದಿಗೆ ಚೂಪು ಮೊಳೆ, ನಡುವೆ ಒಂದು ದಾರ, ಕೊರಳಿಗೆ ಹಾಕಿಕೊಳ್ಳುವುದು. ಗಡ್ಡೆ ಒಡೆದು ನೀರಿಗೆ ಬಿದ್ದರೆ ಬರಿಗೈಗೆ ಅಂಚು ಸಿಗುವುದಿಲ್ಲ. ಬಂದ ದಿಕ್ಕಿಗೇ ತಿರುಗಿ, ಮೊಳೆ ನೆಟ್ಟು, ಕಾಲು ಬಡಿಯುತ್ತ ಮೇಲೆ ಬಂದು, ಏಳದೆ ಹೊರಳಿಕೊಂಡು ದೂರ ಹೋಗಬೇಕು. ಇದಕ್ಕೆ ಕೈಮೊಳೆ ಎಂದಿಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದಿದ್ದರೆ ಹೇಳಿ.

ಗಾಳದ ಮಾತಿಗೆ ಬರೋಣ. ನಮ್ಮ ಕಡೆಯ ಹಿರಿಯರು ಗಾಳಕ್ಕೆ ಗಾಣ ಅಂತಲೂ ಅನ್ನುತ್ತಿದ್ದರು. ಎಣ್ಣೆ ಗಾಣ ಬೇರೆ. ಕೈಪಿಡಿಯಲ್ಲಿ ಗಾಳವೇ ಇರಲಿ. ಇಲ್ಲಿ ಕೋಲು ಎರಡು ಮೂರು ಅಡಿಯದ್ದು, ಗಿಡ್ಡ. ತೂತಿನ ಪಕ್ಕದಲ್ಲೇ ಕೂರುವುದರಿಂದ ಉದ್ದ ಬೇಕಿಲ್ಲ. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಭಾರ, ಅದು ತಳ ಸೇರುತ್ತದೆ. ಗಡ್ಡೆಯ ಅಡಿಗಿಂತ ತಳವೇ ಬೆಚ್ಚಗಿರುವುದರಿಂದ ಮೀನೂ ಅಲ್ಲಿರುವ ಸಂಭವ ಹೆಚ್ಚು. ಹಾಗಾಗಿ ಗಾಳವನ್ನು ಮೊದಲು ತಳದವರೆಗೆ ಬಿಟ್ಟು, ಒಂದಡಿ ಮೇಲೆತ್ತಿ ನೋಡಿ ಎಂದು ಹೊಸಬರಿಗೆ ಹೇಳುತ್ತೇನೆ. ಭಾರಕ್ಕೆ ಗುಂಡು, ತೇಲಲು ಬೆಂಡು, ಇವು ಹಳೆಯವೇ. ಗಾಳವನ್ನು ಮೇಲೆ ಕೆಳಗೆ ಆಡಿಸುವುದಕ್ಕೆ ಜಿಗ್ ಮಾಡುವುದು ಅನ್ನುತ್ತಾರೆ. ಒಬ್ಬ ಗೆಳೆಯ 'ಅದು ನಮ್ಮ ಜಗ್ಗು ಪದವೇ' ಎಂದು ವಾದಿಸಿದ. ಸದ್ದು ಹತ್ತಿರವಿದೆ ಎಂದ ಮಾತ್ರಕ್ಕೆ ನಂಟು ಹೇಳಲಾಗದು, ಅರ್ಥವೂ ಬೇರೆ. ಜಗ್ಗುವುದು ಮೀನು ಕಚ್ಚಿದ ಮೇಲೆ, ಅದಕ್ಕೆ ಮುಂಚೆ ಕುಣಿಸುವುದು. 'ಗಾಳ ಕುಣಿಸಿ' ಎಂದು ಬರೆದಿದ್ದೇನೆ.

ಎರೆಹುಳುವಿನ ಬಗ್ಗೆ ಒಂದು ಮಾತು ಹೇಳದಿದ್ದರೆ ಸಮಾಧಾನವಿಲ್ಲ. ಎರೆಮಣ್ಣಿನಲ್ಲಿ ಇರುವುದರಿಂದ ಎರೆಹುಳು ಎಂದು ಬಯಲುಸೀಮೆಯ ಗೆಳೆಯರು ನಂಬಿದ್ದಾರೆ. ಆದರೆ ಎರೆ ಎಂದರೆ ಮೀನಿಗೋ ಹಕ್ಕಿಗೋ ಒಡ್ಡುವ ತಿನಿಸು. ತಮಿಳಿನ ಇರೈ, ಮಲಯಾಳದ ಇರ, ತೆಲುಗಿನ ಎರ ಎಲ್ಲವೂ ಅದೇ ಅರ್ಥದವು. ಗಾಳಕ್ಕೆ ಸಿಕ್ಕಿಸುವ ಹುಳುವಾದ್ದರಿಂದ ಎರೆಹುಳು ಎಂಬುದೇ ನನಗೆ ಒಪ್ಪುವ ದಾರಿ. ನೀರು ಎರೆ ಎನ್ನುವಾಗಿನ ಎರೆ ಇದಲ್ಲ, ಅದು ಹಳಗನ್ನಡದಲ್ಲಿ ಬಂಡಿ ಱಕಾರದ ಎಱೆ. ಹಾಗಾಗಿ ಇಲ್ಲಿನವರು ಬಳಸುವ ಚಿಕ್ಕ ಮೀನು, ಮರಿಹುಳು, ಎಲ್ಲಕ್ಕೂ ಎರೆ ಎಂದೇ ಬರೆದಿದ್ದೇನೆ. 'ಎರೆ ಸಿಕ್ಕಿಸಿ' ಅಂದರೆ ಹುಳುವೇ ಆಗಬೇಕೆಂದು ಯಾರಾದರೂ ತಿಳಿದಾರೇ? ನಿಮ್ಮೂರಲ್ಲಿ ಈ ಅರ್ಥ ಇನ್ನೂ ಬಳಕೆಯಲ್ಲಿದೆಯೇ?

ದೋಣಿಯ ಪುಟ ಬೇಸಿಗೆಗೆ, ಅದಕ್ಕೆ ಅವಸರವಿಲ್ಲ. ಅಲ್ಲಿ ಒಂದೇ ಪ್ರಶ್ನೆ. ದೋಣಿಯ ಅಂಚಿಗೆ ಸಿಕ್ಕಿಸಿ, ಬೆನ್ನು ಮುಂದಾಗಿ ಕೂತು ಎಳೆಯುವುದೂ ಹುಟ್ಟು, ಕೈಯಲ್ಲೇ ಹಿಡಿದು ಹರಿಗೋಲಿನವರಂತೆ ನೀರು ಸರಿಸುವುದೂ ಹುಟ್ಟು. ಪಾತಿ ದೋಣಿ ನಡೆಸುವ ಕರಾವಳಿಯವರು ಇವೆರಡನ್ನು ಬೇರೆ ಹೆಸರಿನಿಂದ ಕರೆಯುತ್ತಾರೆಯೇ? ನೈಲಾನ್ ದಾರಕ್ಕೆ ಅಲ್ಲಿ ತಂಗೀಸು ಎನ್ನುವುದನ್ನು ಕೇಳಿದ್ದೇನೆ, ಘಟ್ಟದ ಮೇಲೂ ಆ ಪದ ಇದ್ದರೆ ಊರಿನ ಹೆಸರಿನೊಡನೆ ತಿಳಿಸಿ.

ಕೊನೆಯದು, ಇನ್ನೂ ಹೆಸರೇ ಸಿಗದ ಸಾಮಾನು. ಚಳಿಗಾಲದಲ್ಲಿ ಇಲ್ಲಿ ಒಬ್ಬರು ಎರಡು ಗಾಳ ಹಾಕಬಹುದು. ಒಂದನ್ನು ಕೈಯಲ್ಲಿ ಕುಣಿಸುತ್ತ, ಇನ್ನೊಂದನ್ನು ಬೇರೆ ತೂತಿನ ಮೇಲೆ ಅಡ್ಡಪಟ್ಟಿ ಇಟ್ಟು ಬಿಡುತ್ತಾರೆ. ಮೀನು ಎಳೆದರೆ ಪುಟ್ಟ ಬಾವುಟ ಟಕ್ಕನೆ ಎದ್ದು ನಿಲ್ಲುತ್ತದೆ. ಟಿಪ್-ಅಪ್ ಅನ್ನುತ್ತಾರೆ, ಅದರಿಂದ 200 ಅಡಿಯೊಳಗೇ ಇರಬೇಕೆಂಬ ನಿಯಮವಿದೆ. ಬಾವುಟಗಾಳ ಎಂದು ಬರೆದು ಹೊಡೆದುಹಾಕಿದೆ, ಮತ್ತೆ ಬರೆದೆ. ಊರಲ್ಲಿ ಸಂಜೆ ಹೊಳೆಯ ಅಂಚಿನ ಬೇರಿಗೆ ಗಾಳ ಕಟ್ಟಿ ಬಿಟ್ಟು, ಬೆಳಿಗ್ಗೆ ಹೋಗಿ ನೋಡುವುದಿತ್ತು. ಹಾಗೆ ಬಿಟ್ಟು ಬರುವ ಗಾಳಕ್ಕೆ ತುಂಗೆ, ಭದ್ರೆ, ಶರಾವತಿ, ಕಬಿನಿ, ಎಲ್ಲಿಯದಾದರೂ ಸರಿ, ಒಂದು ಹೆಸರು ಇದ್ದೇ ಇರಬೇಕು. ಕೆರೆಗಳು ಕಟ್ಟುವ ಮೊದಲೇ, ನವೆಂಬರ್ ನಡುವಿಗೆ, ಕೈಪಿಡಿ ಅಚ್ಚಿಗೆ ಹೋಗಬೇಕು. ಅಷ್ಟರೊಳಗೆ ಗೊತ್ತಿದ್ದವರು ಬರೆಯಿರಿ, ಮನೆಯ ಹಿರಿಯರನ್ನೂ ಒಮ್ಮೆ ಕೇಳಿ ನೋಡಿ.