ಕೊಲಾಜ್‌ಗೆ ಕಾಗದ, ಬಟ್ಟೆ ನಾವೇ ಮಾಡಿಕೊಳ್ಳುವುದು: ನಿಮ್ಮ ಅನುಭವ ಹೇಳಿ

ಪ್ರಶ್ನೆ:
ಇಷ್ಟು ದಿನ ಕೊಲಾಜ್‌ಗೆ, ಅಂದರೆ ಚೂರುಗಳನ್ನು ಅಂಟಿಸಿ ಮಾಡುವ ಚಿತ್ರಕ್ಕೆ, ಕೊಂಡು ತಂದ ಬಣ್ಣದ ಕಾಗದವನ್ನೇ ಬಳಸುತ್ತಿದ್ದೆ. ಈಗ ಕಾಗದ, ಬಟ್ಟೆ ಎರಡಕ್ಕೂ ನಾನೇ ಬಣ್ಣ ಹಾಕಿ ಮಾಡಿಕೊಳ್ಳಬೇಕು ಅಂತ ಆಸೆ. ಆದರೆ ತೆಳು ಕಾಗದ ಒದ್ದೆಯಾದ ತಕ್ಷಣ ಹರಿಯುತ್ತದೆ. ಬಣ್ಣಗಳು ಕಲಸಿಕೊಂಡು ಕೆಸರಾಗುತ್ತವೆ. ಬಟ್ಟೆಗೆ ಅಕ್ರಿಲಿಕ್ ಬಣ್ಣ ಬಳಿದರೆ ರಟ್ಟಿನ ಹಾಗೆ ಬಿರುಸಾಗುತ್ತದೆ. ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಉತ್ತರ 1:
ಕೆಸರಿನ ಕಾಟ ನನಗೂ ತುಂಬಾ ದಿನ ಇತ್ತು. ಹಸಿ ಕೆಂಪಿಗೆ ಹಸಿರು, ಹಸಿ ನೀಲಿಗೆ ಕಿತ್ತಳೆ ಸೇರಿದರೆ ಕಂದು ಬಂದೇ ಬರುತ್ತದೆ. ಒಂದು ಸಲಕ್ಕೆ ಹಳದಿ, ಕಿತ್ತಳೆ, ಕೆಂಪು, ಹೀಗೆ ಹೊಂದಿಕೊಳ್ಳುವ ಬಣ್ಣ ಮಾತ್ರ ಹಾಕಿ, ಪೂರ್ತಿ ಒಣಗಲು ಬಿಡಿ. ಒಣಗಿದ ಅಕ್ರಿಲಿಕ್ ನೀರಿಗೆ ಕರಗುವುದಿಲ್ಲ. ಆಮೇಲೆ ನೀಲಿ ಬಳಿದರೂ ಕೆಳಗಿನದು ಅಲುಗುವುದಿಲ್ಲ. ವಾಟರ್ ಕಲರ್ ಹಾಗಲ್ಲ, ಒಣಗಿದ್ದೂ ಮತ್ತೆ ಎದ್ದು ಬರುತ್ತದೆ.

ಕಂದು ಪ್ಯಾಕಿಂಗ್ ಕಾಗದ ಇದ್ದರೆ ಐದಾರು ಸಲ ಮುದ್ದೆ ಮಾಡಿ, ಬಿಡಿಸಿ. ಬಟ್ಟೆಯಷ್ಟು ಮೆತ್ತಗಾಗುತ್ತದೆ. ನೀರಾದ ಕಡು ಬಣ್ಣ ಬಳಿದರೆ ಸುಕ್ಕಿನೊಳಗೆ ಇಳಿಯುತ್ತದೆ. ಒಣಗಿದ ಮೇಲೆ, ಬಣ್ಣ ಒರೆಸಿ ತೆಗೆದ ಬ್ರಷ್‌ನಿಂದ ತಿಳಿ ಬಣ್ಣವನ್ನು ಮೇಲೆಮೇಲೆ ಸವರಿ. ಉಬ್ಬಿದ ಗೆರೆಗಳು ಮಾತ್ರ ಬಣ್ಣ ಹಿಡಿದು, ಕಾಗದ ಹಳೆ ಚರ್ಮದಂತೆ ಕಾಣುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಕಾಗದ ಇದೇ.

ಉತ್ತರ 2:
ತೆಳು ಕಾಗದ ಹರಿಯುತ್ತದೆ ಅಂದಿರಲ್ಲ, ಅದನ್ನು ಬಟ್ಟೆಗೆ ಅಂಟಿಸಿಬಿಡಿ. ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳು ಹತ್ತಿ ಬಟ್ಟೆ ಹಾಸಿ. ಬಿಳಿ ಅಂಟಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಪೂರ್ತಿ ನೆನೆಯುವಂತೆ ಬಳಿಯಿರಿ. ಅದರ ಮೇಲೆ ಹಳೆ ಪುಸ್ತಕದ ಹಾಳೆ, ಕಾಗದದ ಚೂರು, ದಾರ, ಏನಿದೆಯೋ ಅದನ್ನು ಜೋಡಿಸಿ. ಕೊನೆಗೆ ಒಂದು ಪದರ ಟಿಶ್ಯೂ ಪೇಪರ್ ಹೊದಿಸಿ, ಮತ್ತೆ ಅದೇ ಅಂಟು ಬಳಿಯಿರಿ. ಟಿಶ್ಯೂ ಸುಕ್ಕುಗಟ್ಟಿದರೆ ಸರಿಮಾಡಲು ಹೋಗಬೇಡಿ. ಆ ಸುಕ್ಕೇ ಚೆಂದ. ಹಸಿಯಿರುವಾಗಲೇ ನೀರಾದ ಬಣ್ಣವನ್ನು ತೊಟ್ಟು ತೊಟ್ಟಾಗಿ ಬಿಟ್ಟರೆ ತಾನಾಗಿ ಹರಡಿಕೊಳ್ಳುತ್ತದೆ.

ಒಂದು ರಾತ್ರಿ ಮುಟ್ಟಬೇಡಿ. ನಾನು ಒಮ್ಮೆ ಅರ್ಧ ಒಣಗಿದ್ದನ್ನೇ ಎಳೆದು, ಕಾಗದವೆಲ್ಲ ಬಟ್ಟೆಯಿಂದ ಬಿಟ್ಟುಕೊಂಡಿತು. ಪೂರ್ತಿ ಒಣಗಿದರೆ ಪ್ಲಾಸ್ಟಿಕ್‌ನಿಂದ ಸಲೀಸಾಗಿ ಏಳುತ್ತದೆ. ಮಿಷಿನ್‌ನಲ್ಲಿ ಹೊಲಿಯಲೂಬಹುದು. ಹೊಲಿಗೆಯ ಉದ್ದ 3 ಮಿಲಿಮೀಟರ್ ಅಥವಾ ಜಾಸ್ತಿ ಇರಲಿ. ತೂತುಗಳು ಒತ್ತೊತ್ತಾಗಿ ಬಿದ್ದರೆ ಅಂಚೆಚೀಟಿಯ ಹಾಗೆ ಅಲ್ಲೇ ಹರಿಯುತ್ತದೆ. ಕಾಗದಕ್ಕೆ ಸೂಜಿ ಬೇಗ ಮೊಂಡಾಗುತ್ತದೆ, ಅದಕ್ಕೇ ಒಂದು ಸೂಜಿ ಬೇರೆ ಇಡಿ. ಇಸ್ತ್ರಿ ಮಾಡುವಾಗ ಮೇಲೆ ಕೆಳಗೆ ಬೇಕಿಂಗ್ ಪೇಪರ್ (ಅಂಟು ಹಿಡಿಯದ ಕಾಗದ) ಇರಲಿ. ಬಿಸಿಗೆ ಅಂಟು ಮೆತ್ತಗಾಗಿ ಇಸ್ತ್ರಿಪೆಟ್ಟಿಗೆಗೆ ಹಿಡಿದುಕೊಳ್ಳುತ್ತದೆ.

ಉತ್ತರ 3:
ಬಟ್ಟೆಯ ಬಿರುಸಿನ ಬಗ್ಗೆ. ಅಕ್ರಿಲಿಕ್ ಒಣಗಿದರೆ ಪ್ಲಾಸ್ಟಿಕ್ ಪದರವಾಗಿ ನೂಲಿನ ಮೇಲೆ ಕೂರುತ್ತದೆ. ಫ್ಯಾಬ್ರಿಕ್ ಮೀಡಿಯಂ (ಬಟ್ಟೆಗೆ ಬಳಿಯುವ ಬಣ್ಣಕ್ಕೆಂದೇ ಸಿಗುವ ದ್ರವ) ಬೆರೆಸಿದರೆ ಸ್ವಲ್ಪ ಮೆತ್ತಗಾಗುತ್ತದೆ. ಬಟ್ಟೆ ಬಟ್ಟೆಯಾಗಿಯೇ ಉಳಿಯಬೇಕು ಅಂದರೆ ಡೈ ಬಳಸಿ. ಹತ್ತಿಗೆ ರಿಯಾಕ್ಟಿವ್ ಡೈ, ಜೊತೆಗೆ ಬಣ್ಣ ಹಿಡಿಯುವಂತೆ ಮಾಡುವ ಸೋಡಾ ಆಶ್ ಪುಡಿ. ಆ ಬಣ್ಣ ನೂಲಿನ ಜೊತೆಯೇ ಬೆಸೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಮಾತ್ರ ಈ ಡೈ ಹಿಡಿಯುವುದಿಲ್ಲ. ಹೊಸ ಬಟ್ಟೆಯಾದರೆ ಗಂಜಿ ಹೋಗುವಂತೆ ಮೊದಲು ತೊಳೆಯಿರಿ. ಡೈ ಪುಡಿ ಕಲಸುವಾಗ ಮಾಸ್ಕ್, ಕೈಗವಸು ಬೇಕೇ ಬೇಕು. ಇದನ್ನು ದಯವಿಟ್ಟು ಹಗುರಾಗಿ ತಗೋಬೇಡಿ.

ಉತ್ತರ 4:
ಹಸಿ ವಾಟರ್ ಕಲರ್ ಮೇಲೆ ಕಲ್ಲುಪ್ಪು ಉದುರಿಸಿ ನೋಡಿ. ಉಪ್ಪು ನೀರು ಹೀರಿಕೊಂಡು ನಕ್ಷತ್ರದಂಥ ಗುರುತು ಬಿಡುತ್ತದೆ. ಕಾಗದ ತೊಯ್ದು ತೊಟ್ಟಿಕ್ಕುತ್ತಿದ್ದರೆ ಬರುವುದಿಲ್ಲ, ಮೇಲಿನ ಹೊಳಪು ಆರುವ ಹೊತ್ತಿಗೆ ಹಾಕಬೇಕು. ಮೈದಾ ಅಂಟಿಗೆ ಬಣ್ಣ ಕಲಸಿ ಕಾಗದಕ್ಕೆ ಬಳಿದು, ಹಳೆ ಬಾಚಣಿಗೆ ಎಳೆದರೂ ಸೊಗಸಾದ ಗೆರೆ ಬರುತ್ತದೆ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಮೊದಲು ಬಟ್ಟೆಗೆ ಕಾಗದ ಅಂಟಿಸಿ ನೋಡಿದೆ. ಹರಿಯಲಿಲ್ಲ! ನಾಲ್ಕು ಹಾಳೆ ಮಾಡಿ ಒಂದರ ಮೇಲೊಂದು ಇಟ್ಟಿದ್ದೆ, ಎರಡು ಅಂಟಿಕೊಂಡಿವೆ. ಬಿಡಿಸಬಹುದಾ?

ಉತ್ತರ 2:
ಎಳೆಯಬೇಡಿ. ಅರ್ಧ ಗಂಟೆ ಫ್ರೀಜರ್‌ನಲ್ಲಿಡಿ. ಅಂಟು ಗಟ್ಟಿಯಾದ ಮೇಲೆ ಮೂಲೆಯಿಂದ ನಿಧಾನಕ್ಕೆ ಬಿಡಿಸಿ, ಹೆಚ್ಚಿನ ಸಲ ಬರುತ್ತದೆ. ಸ್ವಲ್ಪ ಕಿತ್ತುಬಂದರೆ ಆ ಜಾಗಕ್ಕೆ ಟಿಶ್ಯೂ ಅಂಟಿಸಿದರೆ ಆಯ್ತು. ಮುಂದಿನ ಸಲ ನಡುವೆ ಬೇಕಿಂಗ್ ಪೇಪರ್ ಇಡಿ.