ಹಾಲ್ ಗೋಡೆಗೆ ಹಳೇ ಕಾಲದ ಹಕ್ಕಿ ಚಿತ್ರ: ಕೈಯಲ್ಲಿ ಬರೆಸಬೇಕಾ, ಪ್ರಿಂಟ್ ಸಾಕಾ?

ಶಿವಮೊಗ್ಗದ ಅಕ್ಕ:
ನಮಸ್ಕಾರ. ಹೊಸ ಮನೆ ಆಯಿತು, ಸೋಫಾ ಹಿಂದಿನ ಗೋಡೆ ಖಾಲಿ ಇದೆ. ನಮ್ಮ ಯಜಮಾನರಿಗೆ ಏಳು ಕುದುರೆ ಚಿತ್ರ ಬೇಕಂತೆ. ನನಗೆ ಬೇಡ. ಹಳೇ ಪುಸ್ತಕಗಳಲ್ಲಿ ಇರುತ್ತಲ್ಲ, ಬಿಳಿ ಹಾಳೆಯ ಮೇಲೆ ಒಂದೇ ಹಕ್ಕಿ, ಒಂದು ಕೊಂಬೆ, ಕೆಳಗೆ ಸಣ್ಣಗೆ ಹೆಸರು, ಅಂಥದ್ದು ಬೇಕು. ಆನ್‌ಲೈನ್‌ನಲ್ಲಿ ಅಮೆರಿಕದ ಹಳೇ ಹಕ್ಕಿ ಚಿತ್ರಗಾರ ಆಡುಬಾನ್ ಅವರ ಫ್ಲೆಮಿಂಗೊ ಚಿತ್ರವನ್ನು 'ಹ್ಯಾಂಡ್ ಪೇಂಟೆಡ್' ಅಂತ ಮಾರುತ್ತಿದ್ದಾರೆ. ಬೆಲೆ ಪ್ರಿಂಟ್‌ಗಿಂತ ತುಂಬಾ ಜಾಸ್ತಿ. ಅಷ್ಟು ಕೊಡಬಹುದಾ? ನಮ್ಮ ಮಳೆಗಾಲಕ್ಕೆ ಕಾಗದದ ಚಿತ್ರ ತಡೆಯುತ್ತಾ?

ಬೈನಾಕ್ಯುಲರ್ ಭಟ್ಟ:
ಸುಮ್ನೆ ದುಡ್ಡು ಹಾಕಬೇಡಿ. ಆಡುಬಾನ್ ಅವರ 435 ಚಿತ್ರಗಳೂ ದೊಡ್ಡ ಫೈಲ್ ಆಗಿ ಉಚಿತವಾಗಿ ಸಿಗುತ್ತವೆ. ಒಳ್ಳೆ ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ಮುಗೀತು.

ಕುಂಚದವನು, ಮೈಸೂರು:
ಮೇಡಂ, ಇಂಥ ನಕಲು ಬರೆಯುವುದೇ ನನ್ನ ಕೆಲಸ. ಬರೆಸಿ ಅಂದರೆ ನನಗೇ ಲಾಭ. ಆದರೂ ಫ್ಲೆಮಿಂಗೊ ವಿಷಯದಲ್ಲಿ ಭಟ್ಟರ ಮಾತೇ ಸರಿ.

ಆಡುಬಾನ್ ಚಿತ್ರಗಳು 1827ರಿಂದ 1838ರವರೆಗೆ ಕಂತು ಕಂತಾಗಿ ಬಂದವು. ಹೆಚ್ಚಿನವನ್ನು ಲಂಡನ್ನಿನ ರಾಬರ್ಟ್ ಹ್ಯಾವೆಲ್ ತಾಮ್ರದ ತಗಡಿನಲ್ಲಿ ಮೂಡಿಸಿ ಅಚ್ಚು ಹಾಕಿದ. ಆಮೇಲೆ ಕೆಲಸಗಾರರು ಕೂತು ಒಂದೊಂದು ಹಾಳೆಗೂ ಬಣ್ಣ ತುಂಬಿದರು. ಅಂದರೆ ನೀವು ಮೆಚ್ಚಿದ ಆ ಗೆರೆ ಲೋಹದ್ದು. ಅದನ್ನು ಕುಂಚದಲ್ಲಿ ಹಿಡಿಯಲು ಹೋದರೆ ತಗಡಿನ ಚೂಪೂ ಬರುವುದಿಲ್ಲ, ಕುಂಚದ ಓಟವೂ ಉಳಿಯುವುದಿಲ್ಲ. ಇನ್ನೊಂದು, ಹಕ್ಕಿಗಳನ್ನೆಲ್ಲ ನಿಜವಾದ ಅಳತೆಯಲ್ಲೇ ತೋರಿಸಬೇಕು ಅನ್ನುವುದು ಆಡುಬಾನ್‌ನ ಹಟ. 39 ಇಂಚಿನ ಹಾಳೆಯೂ ಸಾಲದೆ ಫ್ಲೆಮಿಂಗೊ ಕತ್ತು ಬಗ್ಗಿಸಿ ನಿಂತಿದೆ. ಅದನ್ನು ಸಣ್ಣ ಫ್ರೇಮಿಗೆ ಕುಗ್ಗಿಸಿದರೆ ಆ ಗತ್ತೇ ಹೋಯಿತು, ಅಲ್ವಾ?

ಕೈಯಲ್ಲೇ ಬೇಕು ಅಂದರೆ, ಮೂಲದಲ್ಲೂ ಕೈಯಲ್ಲೇ ಬರೆದ ಚಿತ್ರ ಆರಿಸಿ. ನನ್ನನ್ನು ಕೇಳಿದರೆ ಕಲ್ಕತ್ತಾದ ಇಂಪಿ ಸಂಗ್ರಹ. ಅಲ್ಲಿನ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ಎಲಿಜಾ ಇಂಪಿಯ ಹೆಂಡತಿ ಮೇರಿ ಇಂಪಿ ಮನೆಯ ತೋಟದಲ್ಲಿ ಹಕ್ಕಿ, ಪ್ರಾಣಿ ಸಾಕಿದ್ದಳು. 1777ರಿಂದ 1782ರ ನಡುವೆ ಪಟ್ನಾ ಕಡೆಯ ಶೇಖ್ ಜೈನುದ್ದೀನ್, ಭವಾನಿ ದಾಸ್, ರಾಮ್ ದಾಸ್ ಅನ್ನುವ ಮೂವರಿಂದ ಅವುಗಳ ಚಿತ್ರ ಬರೆಸಿದಳು. ಮುನ್ನೂರಕ್ಕೂ ಹೆಚ್ಚು ಚಿತ್ರ, ಅರ್ಧಕ್ಕಿಂತ ಜಾಸ್ತಿ ಹಕ್ಕಿಗಳದ್ದೇ. ಕಾಗದ ಇಂಗ್ಲೆಂಡಿನ ವಾಟ್‌ಮನ್ ಕಂಪನಿಯದು, ಕೈ ಮಾತ್ರ ಮೊಘಲರ ಕಾಲದ ಪಳಗಿದ ಕೈ. ಬೇರೆಯವರು ಏನೇ ಹೇಳಲಿ, ಗರಿ ಕೆಲಸದಲ್ಲಿ ಜೈನುದ್ದೀನ್ ಮುಂದೆ ಆಡುಬಾನ್ ನನಗೆ ಸ್ವಲ್ಪ ನಾಟಕದವನ ಹಾಗೆ ಕಾಣುತ್ತಾನೆ.

ಅದರಲ್ಲಿ ಜೈನುದ್ದೀನ್ ಬರೆದ ನೀಲಕಂಠದ ಚಿತ್ರ ಇದೆ. ಕೂತಿರುವುದು ಗಂಧದ ಕೊಂಬೆ ಮೇಲೆ! ಈಗ ಅಮೆರಿಕದ ಮಿನಿಯಾಪೊಲಿಸ್ ಮ್ಯೂಸಿಯಂನಲ್ಲಿದೆ. ನಮ್ಮ ರಾಜ್ಯದ ಹಕ್ಕಿ, ನಮ್ಮ ರಾಜ್ಯದ ಮರ. ಕರ್ನಾಟಕ ಸರ್ಕಾರವೇ ಹೇಳಿ ಬರೆಸಿತೇನೋ ಅನ್ನಬೇಕು. ನಿಮ್ಮ ಹಾಲ್‌ಗೆ ಅದನ್ನೇ ನೋಡಿ.

ಬರೆಸುವಾಗ ಕಾಗದ ಯಾವುದು ಅಂತ ಮೊದಲು ಕೇಳಿ. ಹತ್ತಿಯ ಕಾಗದ, 300 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ 300 ಗ್ರಾಂ ತೂಕ), ನುಣುಪಾದ ಹಾಟ್ ಪ್ರೆಸ್ ಇರಲಿ. ತರಿ ಇರುವ ಕಾಗದದಲ್ಲಿ ಗರಿಯ ಗೆರೆ ಎಳೆದರೆ ಅಲ್ಲಲ್ಲಿ ತುಂಡಾಗುತ್ತದೆ. ತೆಳು ಬಣ್ಣದ ಒಂದು ಪದರ, ಅದು ಒಣಗಿದ ಮೇಲೆ ಇನ್ನೊಂದು, ಕೊನೆಗೆ ಸೊನ್ನೆ ನಂಬರ್ ಕುಂಚದಲ್ಲಿ ಎಳೆ ಎಳೆ. ದುಡ್ಡು ಹೋಗುವುದು ಈ ಕೊನೆಯ ಕೆಲಸಕ್ಕೇ. ಹಳೇ ಚಿತ್ರಗಳಲ್ಲಿ ಸೀಸದ ಬಿಳಿ ಬಣ್ಣ ಕೆಲವು ಕಡೆ ಕಪ್ಪಾಗಿರುತ್ತದೆ. ಆ ಕಪ್ಪನ್ನೂ ನಕಲು ಮಾಡಬೇಕಾ, ಹೊಸದರಲ್ಲಿ ಇದ್ದಂತೆ ಬರೆಯಬೇಕಾ ಅಂತ ಮೊದಲೇ ಮಾತಾಡಿಕೊಳ್ಳಿ. ಟೀ ಡಿಕಾಕ್ಷನ್ ಬಳಿದು ಹಳೆಯದರ ಹಾಗೆ ಮಾಡಿಕೊಡಿ ಅಂತ ಕೆಲವರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ, ಕಾಗದ ಹಾಳಾಗುತ್ತದೆ.

ಆನ್‌ಲೈನ್ 'ಹ್ಯಾಂಡ್ ಪೇಂಟೆಡ್' ಕಥೆ ಗೊತ್ತಲ್ಲ? ಕ್ಯಾನ್ವಾಸ್ ಮೇಲೆ ಪ್ರಿಂಟ್ ಹಾಕಿ ಮೇಲೆ ಪಾರದರ್ಶಕ ಜೆಲ್ ಎಳೆದಿರುತ್ತಾರೆ. ಭೂತಗನ್ನಡಿ ಹಿಡಿದು ನೋಡಿ, ಬಣ್ಣದ ಸಣ್ಣ ಚುಕ್ಕಿ ಕಂಡರೆ ಅದು ಪ್ರಿಂಟ್.

ಫ್ರೇಮ್ ಅಂಗಡಿ, ಮಂಗಳೂರು:
ಮಳೆಗಾಲದ ಪ್ರಶ್ನೆ ನನಗೆ ಬಿಡಿ, ಅಕ್ಕ. ಗಾಜು ಚಿತ್ರಕ್ಕೆ ತಾಗಬಾರದು, ತಾಗಿದ ಕಡೆಯೇ ಬೂಷ್ಟು ಹಿಡಿಯುವುದು. ನಡುವೆ ಆಸಿಡ್ ಇಲ್ಲದ ಮೌಂಟ್ ಬೋರ್ಡ್, ಅಂದರೆ ಚಿತ್ರದ ಸುತ್ತ ಬರುವ ದಪ್ಪ ರಟ್ಟಿನ ಅಂಚು, ಹಾಕಿಸಿ. ಅಂಟು ಬಳಿದು ಚಿತ್ರವನ್ನು ಹಲಗೆಗೆ ಮೆತ್ತಲು ಬಿಡಬೇಡಿ. ಮೇಲಿನ ಅಂಚಿನಲ್ಲಿ ಮಾತ್ರ ಕಾಗದದ ಪಟ್ಟಿ ಹಚ್ಚಿ ತೂಗುಬಿಡಬೇಕು, ಆಗ ಶೀತಕ್ಕೆ ಕಾಗದ ಹಿಗ್ಗಿದರೂ ಸುಕ್ಕಾಗುವುದಿಲ್ಲ. ಫ್ರೇಮ್ ಹಿಂದೆ ನಾಲ್ಕು ಮೂಲೆಗೆ ರಬ್ಬರ್ ಬಿಲ್ಲೆ ಹಾಕಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ಅಂದ ಹಾಗೆ, ಅದು ಮಳೆ ಹೊಡೆಯುವ ಹೊರಗೋಡೆಯಾ?

ಶಿವಮೊಗ್ಗದ ಅಕ್ಕ:
ಹೌದು, ಹೊರಗೋಡೆ, ಪಡುವಣದ್ದು. ಎದುರಿನ ಒಳಗೋಡೆಯಲ್ಲಿ ಟಿವಿ ಇದೆ. ನೀಲಕಂಠ ನೋಡಿದೆ, ಮನಸ್ಸು ಅಲ್ಲೇ ನಿಂತಿತು. ಆದರೆ ಬರೆಯುವವರು ಹೇಗಿದ್ದಾರೆ ಅಂತ ತಿಳಿಯುವುದು ಹೇಗೆ?

ಕುಂಚದವನು, ಮೈಸೂರು:
ಜನವರಿಯಲ್ಲಿ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೆ ಹೋಗಿ, ಬರೆಯುವವರನ್ನೇ ಮುಖತಃ ಕಾಣಬಹುದು. ಪೂರ್ತಿ ಚಿತ್ರಕ್ಕೆ ಮುಂಗಡ ಕೊಡುವ ಮೊದಲು ಒಂದು ರೆಕ್ಕೆ ಮಾತ್ರ ಬರೆಸಿ ನೋಡಿ, ಅದಕ್ಕೆ ಬೇರೆ ದುಡ್ಡು ಕೊಡಿ. ನೀಲಿ ಒಂದೇ ಸಮ ಮೆತ್ತಿದ್ದರೆ ಬೇಡ ಅನ್ನಿ. ಕೆಲಸ ಮುಗಿದ ಮೇಲೆ ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ 'ಜೈನುದ್ದೀನ್ ಚಿತ್ರದ ನಕಲು' ಅಂತ ಬರೆಸಿ, ಇಸವಿ ಹಾಕಿಸಿ, ಬರೆದವರ ಸಹಿ ತೆಗೆದುಕೊಳ್ಳಿ. ಇನ್ನು ಚಿತ್ರ ಒಳಗೋಡೆಗೇ ಇರಲಿ, ಟಿವಿಯನ್ನು ಹೊರಗೋಡೆಗೆ ಕಳಿಸಿ, ಮೇಡಂ.